ಸೀಟಿನ ಮೂತಿ ಎರಡು ಡಿಗ್ರಿ ಇಳಿಸಿದ ಅಂಗಡಿ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಸೈಕಲ್ ಮೇಲೆ ನೆಟ್ಟಗೆ ಕೂರಲು ಆಗುತ್ತಿಲ್ಲ ಅಂತ ಏಳು ತಿಂಗಳಲ್ಲಿ ನಾನು ಸುರಿದ ದುಡ್ಡು ಇಷ್ಟು: ಜೆಲ್ ಸೀಟಿಗೆ 1,850 ರೂಪಾಯಿ, ಅದರ ಮೇಲೊಂದು ಜೆಲ್ ಕವರ್‌ಗೆ 450, ಮೆತ್ತೆ ಹೊಲಿದ ಚಡ್ಡಿಗೆ 1,200. ತೊಂದರೆ ಹೋಗಿದ್ದು ಇದ್ಯಾವುದರಿಂದಲೂ ಅಲ್ಲ. ಶಿವಮೊಗ್ಗದ ದುರ್ಗಿಗುಡಿ ಕಡೆಯ ಒಂದು ಅಡ್ಡರಸ್ತೆಯಲ್ಲಿ ಬೋರ್ಡೇ ಇಲ್ಲದ ಸೈಕಲ್ ಅಂಗಡಿಯಿದೆ. ಅಲ್ಲಿ ಕೂಲಿ 120, ಆಮೇಲೆ ಒಂದು ಸೀಟ್ ಪೋಸ್ಟ್‌ಗೆ, ಅಂದರೆ ಸೀಟು ಕೂರಿಸುವ ಕೊಳವೆಗೆ, 700. ಹೊಸ ಸೀಟು ಮಾರಲಿಲ್ಲ. ನಾನು ಬಿಚ್ಚಿ ಅಟ್ಟದ ಮೇಲೆ ಎಸೆದಿದ್ದ ಹಳೇ ಸೀಟನ್ನೇ ತರಿಸಿ, ಹಾಕಿ, ಅದರ ಮೂತಿಯನ್ನು, ಅಂದರೆ ಮುಂದಿನ ಚೂಪು ತುದಿಯನ್ನು, ಎರಡು ಡಿಗ್ರಿ ಕೆಳಗೆ ಮಾಡಿ ಕೊಟ್ಟರು.

ಆ ಅಂಗಡಿ ಬಗ್ಗೆ ಬರೆಯೋಣ ಅಂತ ಕೂತೆ. ಜೊತೆಗೆ ಜೆಲ್ ಸೀಟಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಹೊಟ್ಟೆ ಉರಿದಿದೆ.

ನನ್ನದು ಗೇರ್ ಇರುವ ಸಾಧಾರಣ ಹೈಬ್ರಿಡ್ ಸೈಕಲ್. ವಯಸ್ಸು 46, ಕೆಲಸ ಇಡೀ ದಿನ ಕುರ್ಚಿಯಲ್ಲಿ. ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ವಿನೋಬನಗರದಿಂದ ಹೊರಟು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಹೋಗಿ ಬರುತ್ತೇನೆ. ಹೋಗಿ ಬರುವುದು ಸೇರಿ ಸುಮಾರು 30 ಕಿ.ಮೀ. ರಸ್ತೆ ಚೆನ್ನಾಗಿದೆ, ಪಕ್ಕದಲ್ಲಿ ತುಂಗೆ, ಅದೃಷ್ಟ ಇದ್ದರೆ ಬಿಡಾರದ ಆನೆಗಳು ನೀರಿಗೆ ಇಳಿಯುವುದೂ ಕಾಣುತ್ತದೆ. ಇಷ್ಟೆಲ್ಲಾ ಇದ್ದೂ ಗಾಜನೂರು ಬರುವ ಹೊತ್ತಿಗೆ ನನ್ನ ಗಮನವೆಲ್ಲ ಒಂದೇ ಕಡೆ. ಎಲ್ಲಿ ಅಂತ ಬಿಡಿಸಿ ಹೇಳಬೇಕಾ? ಜೋಮು ಹಿಡಿಯುತ್ತಿತ್ತು. ಕಾಲು ಜೋಮು ಹಿಡಿಯುತ್ತದಲ್ಲ, ಹಾಗೇ, ಆದರೆ ಅಲ್ಲಿ. ಸೈಕಲ್ ನಿಲ್ಲಿಸಿ, ನೀರು ಕುಡಿಯುವ ನೆಪದಲ್ಲಿ ಐದು ನಿಮಿಷ ಸುಮ್ನೆ ನಿಂತರೆ ಸರಿಹೋಗುತ್ತಿತ್ತು. ಮತ್ತೆ ಹತ್ತು ನಿಮಿಷಕ್ಕೆ ಅದೇ ಕಥೆ.

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗೆ ಸೈಕಲ್ ಹೊಡೆಯುವ ನಾಲ್ಕು ಜನರಲ್ಲಿ ಒಬ್ಬರಾದರೂ ಹೇಳಬಹುದು ಅಂತ ಕಾದೆ. ಒಂದು ದಿನ ನಾನೇ ಹೇಳಿದೆ. ಮೂವರು "ಹೌದು ಮಾರಾಯ, ನನಗೂ" ಅಂದರು! ನಾಲ್ಕೂ ಜನ ಒಂದೂವರೆ ವರ್ಷದಿಂದ ನೀರು ಕುಡಿಯುವ ನೆಪ ಹೇಳುತ್ತಾ ನಿಲ್ಲುತ್ತಿದ್ದೆವು.

ಸೈಕಲ್ ಕೊಂಡಿದ್ದು ದೊಡ್ಡ ಶೋರೂಮಿನಲ್ಲಿ. ಹೆಸರು ಬೇಡ. ಡಬ್ಬದಿಂದ ತೆಗೆದು, ಹ್ಯಾಂಡಲ್ ತಿರುಗಿಸಿ, ಸೀಟ್ ಸಿಕ್ಕಿಸಿ, ಒಂದು ಬೋಲ್ಟ್ ಬಿಗಿದು ಕೊಟ್ಟರು. ಸೀಟಿನ ಮೂತಿ ಸ್ವಲ್ಪ ಆಕಾಶ ನೋಡುತ್ತಿತ್ತು. ನಾನೂ ಹಾಗೇ ಇರಬೇಕೇನೋ ಅಂದುಕೊಂಡೆ. ನೋಡಲು ಚೆನ್ನಾಗಿಯೇ ಇತ್ತು.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಸೀಟು ಗಟ್ಟಿ ಅದಕ್ಕೇ ಹೀಗೆ, ಮೆತ್ತಗಿನದು ಹಾಕಿದರೆ ಸರಿಹೋಗುತ್ತದೆ ಅಂತ ಜೆಲ್ ಸೀಟು ತರಿಸಿದೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ಎಷ್ಟು ಹಿತ ಅನಿಸುತ್ತದೆ ಗೊತ್ತಾ, ಆಗಷ್ಟೇ ಬೆಂದ ಕಡುಬಿನ ಹಾಗೆ. ಮೊದಲ ಎರಡು ಕಿಲೋಮೀಟರ್ ಸಿಂಹಾಸನ. ಆಮೇಲೆ ನಿಧಾನಕ್ಕೆ ಕೂರುವ ಎಲುಬುಗಳೆರಡೂ ಜೆಲ್ ಒಳಗೆ ಹೂತುಹೋಗುತ್ತವೆ. ಅವು ಹೂತರೆ ಮಧ್ಯದ ಭಾಗ ಮೇಲೆದ್ದು ಒತ್ತುತ್ತದೆ. ನಮ್ಮ ಭಾರವನ್ನು ಹೊರಬೇಕಾದ್ದು ಕುಂಡೆಯ ಒಳಗಿನ ಆ ಎರಡು ಎಲುಬು. ನಡುವಿನ ಮೆತ್ತಗಿನ ಜಾಗದಲ್ಲಿ ನರ ಇದೆ, ರಕ್ತನಾಳ ಇದೆ, ಅಲ್ಲಿ ಒತ್ತಿದರೆ ಜೋಮು. ಅಂದರೆ 1,850 ಕೊಟ್ಟು ಒತ್ತುವ ಜಾಗಕ್ಕೇ ಜಾಸ್ತಿ ಒತ್ತಡ ತಂದುಕೊಂಡೆ. ಅದು ಸಾಲದು ಅಂತ ಮೇಲೆ 450ರ ಕವರ್!

ಕೊನೆಗೆ ಸ್ವಂತ ಬುದ್ಧಿ ಓಡಿಸಿದೆ. ಮೂತಿ ಮೇಲಿದ್ದು ಒತ್ತುತ್ತಿದೆ ಅಲ್ವಾ, ಇಳಿಸಿಬಿಡೋಣ ಅಂತ ಅಲೆನ್ ಕೀ ಹಾಕಿ ಚೆನ್ನಾಗಿ ಇಳಿಸಿದೆ. ಜೋಮು ನಿಂತಿತು. ಆದರೆ ಈಗ ನಾನು ಸೀಟಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದ ಮೇಲೆ ಜಾರಿದ ಹಾಗೆ ಮುಂದಕ್ಕೆ ಜಾರುವುದು, ಕೈಯಲ್ಲಿ ಹ್ಯಾಂಡಲ್ ಒತ್ತಿ ಹಿಂದಕ್ಕೆ ತಳ್ಳಿಕೊಳ್ಳುವುದು, ಮತ್ತೆ ಜಾರುವುದು. ಎರಡು ವಾರದಲ್ಲಿ ಕಿರುಬೆರಳು, ಉಂಗುರದ ಬೆರಳು ಮರಗಟ್ಟಲು ಶುರುವಾಯಿತು. ಮಂಡಿಯ ಮುಂಭಾಗ ನೋವು. ಭುಜ ಕಲ್ಲು. ಕೆಳಗಿನ ಜೋಮು ಮೇಲೆ ಬಂದು ಕೂತಿತು ಅಷ್ಟೇ.

ಅಂಗಡಿ ಸಿಕ್ಕಿದ್ದು ಆಕಸ್ಮಿಕ. ಆಷಾಢದ ಜಡಿಮಳೆ, ಹಿಂದಿನ ಚಕ್ರ ಪಂಚರ್, ತಳ್ಳಿಕೊಂಡು ಹೋಗುತ್ತಿದ್ದವನಿಗೆ ಹೂವಿನ ಅಂಗಡಿಯವರು ಕೈ ತೋರಿಸಿದರು. ಒಂದು ಷಟರ್, ಹೊರಗೆ ತೂಗುಹಾಕಿದ ನಾಲ್ಕು ಟೈರು, ಬಾಗಿಲಲ್ಲಿ ಗಾಳಿ ಪಂಪು. ಯಜಮಾನರಿಗೆ ಅರವತ್ತು ದಾಟಿರಬೇಕು. ಮಗಳು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದುತ್ತಾಳೆ, ಸಂಜೆ ಅಂಗಡಿಯಲ್ಲಿ ಇರುತ್ತಾಳೆ. ಪಂಚರ್ ಹಾಕುತ್ತಾ ಅವರು ನನ್ನ ಸೀಟನ್ನು ಒಮ್ಮೆ ನೋಡಿದರು, ನನ್ನ ಮುಖ ಒಮ್ಮೆ ನೋಡಿದರು.

"ಸಾರ್, ಯಾವ ಕೈ ಜೋಮು ಹಿಡಿಯುತ್ತೆ, ಬಲಗೈನಾ ಎಡಗೈನಾ?"

ನಾನು ಏನೂ ಹೇಳಿರಲಿಲ್ಲ. ಸೀಟಿನ ಕವರ್ ತುದಿಯಲ್ಲಿ, ಮೂತಿಯ ಹತ್ತಿರ, ನಾಲ್ಕು ಬೆರಳಿನಷ್ಟು ಜಾಗ ಸವೆದು ಮಿರಮಿರ ಹೊಳೆಯುತ್ತಿತ್ತಂತೆ. ಹಿಂಭಾಗ ಹೊಸದರ ಹಾಗೇ ಇತ್ತಂತೆ. "ನೀವು ಕೂರೋದೇ ಇಲ್ಲ ಸಾರ್, ನೇತಾಡ್ತೀರಿ" ಅಂದರು. ಎಡಗೈ ಹಿಡಿಯ ರಬ್ಬರ್ ಬಲಗೈಯದ್ದಕ್ಕಿಂತ ಹೆಚ್ಚು ಸವೆದಿರುವುದನ್ನೂ ತೋರಿಸಿದರು. ಎರಡು ವರ್ಷದಿಂದ ದಿನಾ ಹಿಡಿದ ಹಿಡಿ, ನಾನೇ ನೋಡಿರಲಿಲ್ಲ.

ಮಾರನೇ ದಿನ ಸಂಜೆ ಹಳೇ ಸೀಟು ತೆಗೆದುಕೊಂಡು ಬನ್ನಿ ಅಂದರು. ಹೋದೆ. ಮುಂದೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಶಿವಮೊಗ್ಗದಲ್ಲಿ ಇಷ್ಟು ಸಾವಧಾನವಾಗಿ ಸೈಕಲ್ ಮುಟ್ಟಿದವರನ್ನು ನಾನು ಬೇರೆ ಕಂಡಿಲ್ಲ.

ಮೊದಲ ಹತ್ತು ನಿಮಿಷ ಸ್ಪ್ಯಾನರ್ ಕೈಗೇ ತೆಗೆದುಕೊಳ್ಳಲಿಲ್ಲ. ರಸ್ತೆಯ ತುದಿಯವರೆಗೆ ಎರಡು ಸಲ ಹೋಗಿ ಬರಲು ಹೇಳಿದರು. ಒಮ್ಮೆ ಪಕ್ಕದಿಂದ ನೋಡಿದರು, ಒಮ್ಮೆ ಹಿಂದಿನಿಂದ. ಆಮೇಲೆ ಅಂಗಡಿ ಒಳಗಿನ ಕಡಪ ಕಲ್ಲಿನ ಮೇಲೆ ಸೈಕಲ್ ನಿಲ್ಲಿಸಿ ಸೀಟಿನ ಮೇಲೆ ಒಂದು ಹಳೇ ರಟ್ಟಿನ ಲೆಡ್ಜರ್ ಪುಸ್ತಕ ಇಟ್ಟರು, ಅದರ ಮೇಲೆ ಗಾರೆಯವರು ಬಳಸುವ ರಸಮಟ್ಟ. ಮಗಳು ಅದನ್ನು ಎತ್ತಿಟ್ಟು ತನ್ನ ಫೋನ್ ಇಟ್ಟಳು. ಫೋನಿನಲ್ಲಿ ಕೋನ ತೋರಿಸುವ ಆ್ಯಪ್. 7.5 ಅಂತ ಬಂತು, ಮೂತಿ ಕೆಳಕ್ಕೆ.

"ತಿರುಗಿಸಿ ನೋಡಪ್ಪ," ಅಂದಳು.

ಇಬ್ಬರೂ ಸೇರಿ ಸೈಕಲನ್ನು ಎತ್ತಿ ಮುಂದಿನ ಚಕ್ರ ಇದ್ದಲ್ಲಿಗೆ ಹಿಂದಿನ ಚಕ್ರ ಬರುವ ಹಾಗೆ ಇಟ್ಟರು. ಈಗ 8.5. ನೆಲವೇ ಅರ್ಧ ಡಿಗ್ರಿ ಓರೆ ಇತ್ತು. ಎರಡರ ಸರಾಸರಿ 8, ಅದೇ ಸೀಟಿನ ನಿಜವಾದ ಕೋನ. ಇದು ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಫೋನ್ ಇಟ್ಟು ಅಳೆಯುವವರು ಇದೊಂದನ್ನು ನೆನಪಿಡಿ. ಮಲೆನಾಡಿನ ಮನೆಗಳ ಅಂಗಳ ನೀರು ಹರಿಯಲಿ ಅಂತ ಓರೆಯಾಗಿಯೇ ಇರುತ್ತದೆ, ಅಲ್ಲಿ ಸೈಕಲ್ ನಿಲ್ಲಿಸಿ ಅಳೆದರೆ ಸೀಟಿನ ಕೋನ ಬರುವುದಿಲ್ಲ, ಅಂಗಳದ್ದು ಬರುತ್ತದೆ. ಇನ್ನೊಂದು, ಫೋನಿನ ಕ್ಯಾಮೆರಾ ಉಬ್ಬು ಪುಸ್ತಕಕ್ಕೆ ತಾಗಿದರೆ ಒಂದು ಡಿಗ್ರಿಯವರೆಗೂ ಸುಳ್ಳು ಹೇಳುತ್ತದೆ. ಅವಳು ಫೋನನ್ನು ಪುಸ್ತಕದ ಅಂಚಿನಿಂದ ಕ್ಯಾಮೆರಾ ಹೊರಗೆ ಬರುವ ಹಾಗೆ ಇಟ್ಟಿದ್ದಳು.

ಪುಸ್ತಕ ಯಾಕೆ ಅಂದರೆ ಸೀಟು ಚಪ್ಪಟೆ ಇರುವುದಿಲ್ಲ. ಮಧ್ಯ ತಗ್ಗು, ಹಿಂದೆ ಉಬ್ಬು. ಫೋನನ್ನು ನೇರ ಇಟ್ಟರೆ ಇಟ್ಟ ಜಾಗಕ್ಕೊಂದು ಲೆಕ್ಕ. ಸೀಟಿನ ಹಿಂಭಾಗ ತೀರಾ ಮೇಲೆ ಎದ್ದಿದ್ದರೆ ಮಾತ್ರ ಉದ್ದಕ್ಕೆ ಪುಸ್ತಕ ಇಡುವುದೂ ಸರಿಯಲ್ಲ, ಆಗ ನಾವು ಕೂರುವ ನಡುಭಾಗದಲ್ಲೇ ಅಳೆಯಬೇಕು ಅಂತ ಯಜಮಾನರು ಹೇಳಿದರು.

ಜೆಲ್ ಸೀಟು ಬಿಚ್ಚಿದರು. ಹಳೇದನ್ನು ಹಾಕಿ ಮೊದಲು ಹೆಚ್ಚುಕಡಿಮೆ ಮಟ್ಟ ಮಾಡಿದರು. ಈಗ ಮೂತಿ ಇಳಿಸುತ್ತಾರೆ ಅಂದುಕೊಂಡರೆ ಇಲ್ಲ, ಎತ್ತರಕ್ಕೆ ಹೋದರು. ಗೋಡೆ ಹಿಡಿದು ಕೂರಿಸಿ, ಪೆಡಲ್ ಪೂರ್ತಿ ಕೆಳಗೆ ತಂದು, ಹಿಮ್ಮಡಿ ಇಡಿ ಅಂದರು. ಹಿಮ್ಮಡಿ ಇಟ್ಟಾಗ ಕಾಲು ನೇರ ಆಗಬೇಕು, ಆಗ ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ಸ್ವಲ್ಪವೇ ಬಾಗುತ್ತದೆ. ನನ್ನದು ಎರಡು ಬೆರಳು ತಗ್ಗಿತ್ತು. ಆಮೇಲೆ ಹಿಂದೆ ಮುಂದೆ. ಪೆಡಲ್ ಎರಡೂ ಅಡ್ಡ ಮಟ್ಟಕ್ಕೆ ಬಂದಾಗ ಮುಂದಿನ ಕಾಲಿನ ಮಂಡಿಯಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟರು. ದಾರ ಪೆಡಲಿನ ನಡುವೆ ಬರಬೇಕಂತೆ. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮ ಅಲ್ಲ, ಶುರು ಮಾಡಲು ಒಂದು ಜಾಗ ಅಂತಲೂ ಅವರೇ ಹೇಳಿದರು.

ಇಷ್ಟೆಲ್ಲಾ ಆದಮೇಲೆ ಕೊನೆಗೆ ಕೋನ. ಎತ್ತರ ಸರಿಯಿಲ್ಲದೆ ಕೋನ ಮುಟ್ಟಿದರೆ ದಿನವಿಡೀ ತಿರುಗಿಸುತ್ತಲೇ ಇರಬೇಕಾಗುತ್ತದೆ. ಸೀಟು ಜಾಸ್ತಿ ಎತ್ತರ ಇದ್ದರೆ ಪೆಡಲ್ ಮುಟ್ಟಲು ಸೊಂಟ ಆ ಕಡೆ ಈ ಕಡೆ ಆಡುತ್ತದೆ, ಉಜ್ಜುತ್ತದೆ, ನಾವು ಸೀಟಿನ ಕೋನವನ್ನು ಬೈಯುತ್ತೇವೆ.

ಆ ಮಟ್ಟದಲ್ಲೇ ಒಂದು ಸುತ್ತು ಕಳಿಸಿದರು. ಗಾಂಧಿಬಜಾರ್ ಕಡೆ ಹೋಗಿ ವಾಪಸ್. ಸಂಜೆ ಜನಜಂಗುಳಿ, ಅಲ್ಲಿ ಸೈಕಲ್ ಹೊಡೆದೆ ಅನ್ನುವುದಕ್ಕಿಂತ ನಡೆಸಿದೆ ಅನ್ನಬೇಕು. ಆದರೂ ಕೈ ಹಗುರ ಆಗಿದ್ದು ಗೊತ್ತಾಯಿತು. ಒತ್ತಡ ಇನ್ನೂ ಸ್ವಲ್ಪ ಇತ್ತು. ಮೂತಿಯನ್ನು ಒಂದು ಡಿಗ್ರಿ ಕೆಳಗೆ ಇಟ್ಟರು. ಮತ್ತೆ ಹೋಗಿ ಬಾ. ಇನ್ನೊಂದು ಡಿಗ್ರಿ ಇಳಿಸೋಣ ಅಂದಾಗ ತಕರಾರು ಶುರುವಾಯಿತು.

ನನ್ನ ಸೀಟ್ ಪೋಸ್ಟ್ ಒಂದೇ ಬೋಲ್ಟಿನದು. ಸೀಟಿನ ಕಂಬಿ ಹಿಡಿಯುವ ಕ್ಲ್ಯಾಂಪಿನ ಅಡಿಯಲ್ಲಿ ಬಾಚಣಿಗೆಯ ಹಾಗೆ ಹಲ್ಲುಗಳಿರುತ್ತವೆ, ಒಂದು ಹಲ್ಲು ದಾಟಿದರೆ ಎರಡು ಡಿಗ್ರಿ ಹಾರುತ್ತದೆ. ಹಾಗಾಗಿ 1 ಇಡಬಹುದು, 3 ಇಡಬಹುದು, 2 ಇಡಲು ಆಗುವುದಿಲ್ಲ. ಮೂರರಲ್ಲಿ ಕಳಿಸಿದರು. ಮತ್ತೆ ಜಾರಿದೆ. ಎರಡು ಡಿಗ್ರಿಯಿಂದ ಏನು ಮಹಾ ಆಗುತ್ತದೆ ಅಂತ ನಗುವವರಿದ್ದಾರೆ, ನಾನೂ ನಗುತ್ತಿದ್ದೆ. ಕೂತು ನೋಡಿ. 1ರಲ್ಲಿ ಇಪ್ಪತ್ತು ನಿಮಿಷಕ್ಕೆ ಸಣ್ಣ ಜೋಮು, 3ರಲ್ಲಿ ಜಾರು.

ಎರಡು ಬೋಲ್ಟಿನ ಪೋಸ್ಟ್ ಹಾಕಿಸಿಕೊಳ್ಳಿ ಅಂದರು. ಮುಂದೊಂದು ಬೋಲ್ಟು ಹಿಂದೊಂದು. ಹಿಂದಿನದು ಸಡಿಲಿಸಿ ಮುಂದಿನದನ್ನು ಬಿಗಿದರೆ ಮೂತಿ ಕೆಳಗೆ, ಮುಂದಿನದು ಸಡಿಲಿಸಿ ಹಿಂದಿನದನ್ನು ಬಿಗಿದರೆ ಮೂತಿ ಮೇಲೆ. ಕಾಲು ಸುತ್ತು, ಅರ್ಧ ಸುತ್ತು, ಬೇಕಾದಷ್ಟು ಸಣ್ಣಗೆ. ಅದು ಅಂಗಡಿಯಲ್ಲಿ ಇರಲಿಲ್ಲ. ತರಿಸಿ ಕೊಡುತ್ತೇನೆ, ಒಂದು ವಾರ ಅಂದರು. ಬಂದಿದ್ದು ಮೂರು ವಾರಕ್ಕೆ. ನಾಲ್ಕು ಸಲ ಹೋಗಿ ಬರಿಗೈಯಲ್ಲಿ ಬಂದೆ, ಅದರಲ್ಲಿ ಒಂದು ಸಲ ತಂದಿದ್ದರು, ಆದರೆ ದಪ್ಪ ಬೇರೆ. ನನ್ನದು 27.2 ಮಿ.ಮೀ. ಅವರು ತರಿಸಿದ್ದು 25.4. ಮಗಳು ಅಪ್ಪನನ್ನು ನನ್ನೆದುರೇ ತರಾಟೆಗೆ ತೆಗೆದುಕೊಂಡಳು. ಪೋಸ್ಟಿನ ಮೇಲೇ ಅಳತೆ ಕೊರೆದಿರುತ್ತದೆ, ಓದಿ ಬರೆದುಕೊಂಡಿದ್ದರೆ ಆಗುತ್ತಿತ್ತು. ಇದು ಆ ಅಂಗಡಿಯ ಮೊದಲ ಮೈನಸ್.

ಎರಡನೆಯದೂ ಈಗಲೇ ಹೇಳಿಬಿಡುತ್ತೇನೆ. ಹೊಸ ಪೋಸ್ಟ್ ಹಾಕಿದ ಹತ್ತು ದಿನಕ್ಕೆ ಸೀಟು ತಾನಾಗಿಯೇ ಒಂದು ಇಂಚು ಕುಸಿದಿತ್ತು. ಗ್ರೀಸ್ ಜಾಸ್ತಿ ಬಳಿದಿದ್ದರು, ಕ್ಲ್ಯಾಂಪ್ ಬಿಗಿ ಕಮ್ಮಿ ಇತ್ತು. ಎಷ್ಟು ಬಿಗಿಯಬೇಕು ಅಂತ ಅಳೆದು ಬಿಗಿಯುವ ಟಾರ್ಕ್ ಸ್ಪ್ಯಾನರ್ ಅವರ ಹತ್ತಿರ ಇಲ್ಲ, ಎಲ್ಲಾ ಕೈ ಅಂದಾಜು. ಕಬ್ಬಿಣ, ಅಲ್ಯೂಮಿನಿಯಂಗೆ ಅವರ ಕೈ ಸಾಕು. ಕಾರ್ಬನ್ ಫ್ರೇಮ್ ಇರುವವರು ಅಲ್ಲಿಗೆ ಹೋಗಬೇಡಿ ಅಂತಲೇ ನನ್ನ ಸಲಹೆ. ಕುಸಿದದ್ದನ್ನು ಸರಿಮಾಡಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಪೋಸ್ಟಿಗೆ ಒಂದು ಸುತ್ತು ಕಪ್ಪು ಟೇಪ್ ಹಚ್ಚಿ "ಇದು ಫ್ರೇಮ್ ಒಳಗೆ ಹೋದ್ರೆ ಸೀಟು ಇಳಿದಿದೆ ಅಂತ ಲೆಕ್ಕ" ಅಂದರು. ಟೇಪ್ ಈಗಲೂ ಇದೆ.

ಎರಡು ಡಿಗ್ರಿಗೆ ನಿಂತಮೇಲೆ ಸಕ್ರೆಬೈಲಿಗೆ ಹೋದೆ. ಗಾಜನೂರಿನಲ್ಲಿ ನಿಲ್ಲಲಿಲ್ಲ. ಬಿಡಾರದ ಹತ್ತಿರ ಚಹಾ ಕುಡಿಯುವಾಗ ನೆನಪಾಯಿತು, ಇವತ್ತು ನೀರು ಕುಡಿಯುವ ನೆಪ ಬೇಕಾಗಲಿಲ್ಲ ಅಂತ. ಮುಂದಿನ ಭಾನುವಾರ ಮಂಡಗದ್ದೆವರೆಗೆ ಹೋದೆ, ಹೋಗಿ ಬರುವುದು 60 ಕಿ.ಮೀ. ಆಸುಪಾಸು. ಕೊನೆಯ ಹತ್ತು ಕಿಲೋಮೀಟರಿನಲ್ಲಿ ಕಾಲು ಸತ್ತಿತ್ತು, ಆದರೆ ಅದು ಕಾಲಿನ ಗೋಳು. ಸರಾಸರಿ ವೇಗ ಹೆಚ್ಚಾಯಿತಾ ಅಂತ ಗೆಳೆಯರು ಕೇಳಿದರು. ಸ್ವಲ್ಪ ಹೆಚ್ಚಾಗಿದೆ. ಸೀಟು ಓರೆಯಾದ್ದರಿಂದ ಬಲ ಬಂತು ಅಂತ ನಾನು ನಂಬುವುದಿಲ್ಲ. ಮಧ್ಯೆ ಮಧ್ಯೆ ನಿಲ್ಲುವುದು ತಪ್ಪಿತು, ಒಂದೇ ಕಡೆ ಕೂತು ತುಳಿಯುತ್ತೇನೆ, ಅದರಿಂದ ಇರಬೇಕು.

ಸ್ವಲ್ಪ ಓದಿಯೂ ನೋಡಿದೆ. ಸೈಕಲ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಮೊದಲು ಸೀಟು ಹೆಚ್ಚುಕಡಿಮೆ ಮಟ್ಟವಾಗಿಯೇ ಇರಬೇಕು ಅನ್ನುತ್ತಿತ್ತು. 2016ರಿಂದ 9 ಡಿಗ್ರಿಯವರೆಗೆ ಓರೆ ಇಡಬಹುದು ಅಂತ ನಿಯಮ ಬದಲಿಸಿದೆ. ರೇಸಿನವರು ಹ್ಯಾಂಡಲ್ ಮೇಲೆ ಪೂರ್ತಿ ಬಗ್ಗಿರುತ್ತಾರೆ, ಅಷ್ಟು ಬಗ್ಗಿದಾಗ ಸೊಂಟ ಮುಂದಕ್ಕೆ ಉರುಳುತ್ತದೆ, ಮಟ್ಟ ಸೀಟಿನ ಮೂತಿ ಅವರಿಗೆ ಇನ್ನೂ ಜೋರಾಗಿ ಒತ್ತುತ್ತದೆ. ಹಾಗಾಗಿ ಅವರಿಗೆ ಹೆಚ್ಚು ಓರೆ ಬೇಕಾಗಬಹುದು. ಪೇಪರ್ ಹಾಕುವ ಹುಡುಗರ ಹಾಗೆ ನೆಟ್ಟಗೆ ಕೂತು ಹೊಡೆಯುವವರಿಗೆ ಮಟ್ಟವೇ ಸಾಕು.

ಬೆನ್ನುನೋವಿನ ಬಗ್ಗೆಯೂ ಒಂದು ಸಿಕ್ಕಿತು. 1999ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಇಸ್ರೇಲಿನ ವೈದ್ಯರು ಬರೆದದ್ದು. ಹವ್ಯಾಸಕ್ಕೆ ಸೈಕಲ್ ಹೊಡೆಯುವ, ಕೆಳಬೆನ್ನು ನೋಯುತ್ತಿದ್ದ ಜನರ ಸೀಟನ್ನು 10ರಿಂದ 15 ಡಿಗ್ರಿ ಮುಂದಕ್ಕೆ ಬಗ್ಗಿಸಿದಾಗ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ನೋವು ಕಡಿಮೆಯಾಯಿತಂತೆ. ಮೂತಿ ಮೇಲಿದ್ದರೆ ಸೊಂಟ ಹಿಂದಕ್ಕೆ ಮಗುಚಿ ಬೆನ್ನು ಬಿಲ್ಲಾಗುತ್ತದೆ. ಆದರೆ ಈ ಅಂಕಿ ನೋಡಿ ಯಾರೂ ಮನೆಯಲ್ಲಿ ಒಂದೇ ಏಟಿಗೆ 10 ಡಿಗ್ರಿ ಇಳಿಸಲು ಹೋಗಬೇಡಿ. ನಾನು 8 ಇಳಿಸಿ ಏನಾಯಿತು ಅಂತ ಮೇಲೆ ಬರೆದಿದ್ದೇನೆ. ಅವರಿಗೆ ಇದ್ದದ್ದು ಬೆನ್ನುನೋವು, ನನಗೆ ಇದ್ದದ್ದು ಬೇರೆ.

ಇದನ್ನು ಓದಿದಾಗ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿರುವ ದೊಡ್ಡಮ್ಮನ ನೆನಪಾಯಿತು. ಅಡಿಕೆ ಸುಲಿಯುವ ಕಾಲದಲ್ಲಿ ಗಂಟೆಗಟ್ಟಲೆ ಮೆಟ್ಟುಗತ್ತಿ ಮುಂದೆ ಕೂರುತ್ತಾಳೆ. ಅವಳ ಮಣೆಯ ಹಿಂದಿನ ಕಾಲಿನ ಅಡಿಗೆ ಯಾವಾಗಲೂ ಒಂದು ಮರದ ಚಕ್ಕೆ ಇಟ್ಟಿರುತ್ತಾಳೆ, ಮಣೆ ಮುಂದಕ್ಕೆ ಕೊಂಚ ಓರೆ. ಚಿಕ್ಕವನಿದ್ದಾಗ ಆ ಚಕ್ಕೆ ಎತ್ತಿಕೊಂಡು ಓಡಿ ಬೈಸಿಕೊಂಡಿದ್ದೇನೆ. ಈ ಸಲ ಹೋದಾಗ ಕೇಳಿದೆ, ಯಾಕೆ ದೊಡ್ಡಮ್ಮಾ ಅಂತ. "ಇಲ್ದಿದ್ರೆ ಸೊಂಟ ಹಿಡಿಯುತ್ತೆ ಮಾರಾಯ, ಇನ್ನೇನು," ಅಂದಳು. ಅವಳಿಗೆ ಎಷ್ಟು ಡಿಗ್ರಿ ಅಂತ ಗೊತ್ತಿಲ್ಲ. ನಾನು ಫೋನ್ ಇಟ್ಟು ಅಳೆದೆ, ಮೂರು ಚಿಲ್ಲರೆ ಬಂತು.

ಆಗುಂಬೆಯಲ್ಲಿ ಮಾತ್ರ ನನ್ನ ಎರಡು ಡಿಗ್ರಿ ಕೈಕೊಟ್ಟಿತು. ಅಕ್ಟೋಬರಿನಲ್ಲಿ ಸೈಕಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಸೋಮೇಶ್ವರದಲ್ಲಿ ಇಳಿಸಿ ಘಾಟಿ ಹತ್ತಿದೆ. ಹದಿನಾಲ್ಕು ತಿರುವು. ನಾಲ್ಕನೇ ತಿರುವಿಗೆ ಹಳೇ ಗೆಳೆಯ ಜೋಮು ವಾಪಸ್ ಬಂದ. ಯಾಕೆ ಅಂತ ಅಲ್ಲೇ ತಡೆಗೋಡೆ ಮೇಲೆ ಕೂತು ಲೆಕ್ಕ ಹಾಕಿದೆ. ನೂರು ಅಡಿ ಮುಂದೆ ಹೋಗುವಾಗ ಏಳು ಅಡಿ ಏರುವ ರಸ್ತೆ ಅಂದುಕೊಂಡರೆ ಇಡೀ ಸೈಕಲ್ಲೇ ನಾಲ್ಕು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಅಂದರೆ ನನ್ನ ಎರಡು ಡಿಗ್ರಿ ತಗ್ಗು ಹೋಗಿ ಎರಡು ಡಿಗ್ರಿ ಮೇಲಾಯಿತು. ಹತ್ತು ಅಡಿ ಏರುವ ತಿರುವಿನಲ್ಲಿ ವಾಲುವುದು ಆರು ಡಿಗ್ರಿಯ ಹತ್ತಿರ. ಶೋರೂಮಿನವರು ಕೊಟ್ಟಿದ್ದ ಸೀಟಿನ ಮೇಲೆ ಮತ್ತೆ ಕೂತ ಹಾಗಾಯಿತು.

ವಾಪಸ್ ಬಂದು ಅಂಗಡಿಗೆ ಹೋಗಿ, ಘಾಟಿಗೆ ಅಂತ ಇನ್ನೂ ಎರಡು ಡಿಗ್ರಿ ಇಳಿಸಿಕೊಡಿ ಅಂದೆ. ಯಜಮಾನರು ಇಳಿಸಲಿಲ್ಲ.

"ವರ್ಷಕ್ಕೆ ಎಷ್ಟು ಸಲ ಘಾಟಿ ಹತ್ತುತ್ತೀರಿ ಸಾರ್?"

"ಒಂದು ಸಲ. ಎರಡು ಸಲ ಅನ್ನಿ."

"ಉಳಿದ ದಿನ ಗಾಜನೂರಿಗೆ ಹೋಗೋದು ಅಲ್ವಾ? ಹತ್ತುವಾಗ ಸೀಟಿನ ಮೂತಿ ಕಡೆಗೆ ಸ್ವಲ್ಪ ಮುಂದೆ ಜರುಗಿ ಕೂತ್ಕೊಳ್ಳಿ, ತಿರುವಿಗೊಂದು ಸಲ ಪೆಡಲ್ ಮೇಲೆ ಎದ್ದು ನಿಂತ್ಕೊಳ್ಳಿ. ಸೀಟು ಹಂಗೇ ಇರಲಿ."

ದುಡ್ಡು ಕೊಡುತ್ತೇನೆ ಅಂದರೂ ಮಾಡಲ್ಲ ಅನ್ನುವ ಅಂಗಡಿ. ಆ ದಿನ ಸಿಟ್ಟು ಬಂದಿತ್ತು, ಆಮೇಲೆ ಕುಂದಾದ್ರಿ ಹತ್ತಿದಾಗ ಅವರು ಹೇಳಿದ ಹಾಗೆ ಮಾಡಿದೆ. ಪೂರ್ತಿ ಸರಿಹೋಯಿತು ಅನ್ನಲಾರೆ. ಹತ್ತಲು ಆಯಿತು.

ಸರ್ಕಾರಿ ಸೈಕಲ್ ತಂದ ಮಕ್ಕಳನ್ನೂ ಅಲ್ಲಿ ನೋಡಿದ್ದೇನೆ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಆ ಸೈಕಲ್‌ಗಳ ಸೀಟಿನ ಎರಡೂ ಪಕ್ಕ ನಟ್ಟು, ಒಳಗೆ ಹಲ್ಲಿನ ವಾಷರ್. ನಾಲ್ಕು ದಿನ ಡಬಲ್ ರೈಡ್ ಹೊಡೆದರೆ ಹಲ್ಲು ಸವೆದು ಸೀಟು ಹಿಂದಕ್ಕೆ ಮಗುಚುತ್ತದೆ, ಮೂತಿ ಮೇಲೆ. ಪಾಪ ಹೆಣ್ಣುಮಕ್ಕಳು ಅದರ ಮೇಲೆಯೇ ದಿನಾ ಐದಾರು ಕಿಲೋಮೀಟರ್ ಹೊಡೆಯುತ್ತಾರೆ, ಮನೆಯಲ್ಲೂ ಹೇಳುವುದಿಲ್ಲ. ಒಬ್ಬ ಹುಡುಗಿ ಗಾಳಿ ಹಾಕಿಸಲು ಬಂದಾಗ ಅಂಗಡಿಯವರ ಮಗಳು ತಾನಾಗಿಯೇ ಸೀಟು ಅಲ್ಲಾಡಿಸಿ ನೋಡಿ, ವಾಷರ್ ಬದಲಿಸಿ, ಮಟ್ಟ ಮಾಡಿ ಕಳಿಸಿದಳು. ವಾಷರ್ ದುಡ್ಡು ಮಾತ್ರ ತೆಗೆದುಕೊಂಡಳು. ಅಪ್ಪ ಇದ್ದರೆ ನಾಚಿಕೊಂಡು ಹೇಳದ ಸಂಗತಿಯನ್ನು ಅವಳ ಹತ್ತಿರ ಹೇಳುವ ಹುಡುಗಿಯರು ಇದ್ದಾರಂತೆ. ನನ್ನ ಹೆಂಡತಿಯೂ ಈಗ ಅವಳ ಹತ್ತಿರವೇ ಹೋಗುವುದು. ಹೆಂಡತಿಗೆ ಸೀಟೇ ಅಗಲ ಸಾಲದು, ಕೋನ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ ಅಂತ ಮೊದಲೇ ಹೇಳಿ, ಹಿಂಭಾಗ ಅಗಲ ಇರುವ, ಮಧ್ಯ ಸೀಳು ಇರುವ ಸೀಟು ಹಾಕಿಸಿದಳು. ಅದು ಸೊನ್ನೆಯಲ್ಲೇ ಸರಿಯಾಗಿ ಕೂತಿತು.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಒಂದೇ ಮಾತು. ಮೊದಲು ಮಟ್ಟ, ಆಮೇಲೆ ಒಂದು ಸಲಕ್ಕೆ ಒಂದೇ ಡಿಗ್ರಿ, ಪ್ರತಿ ಸಲ ಕನಿಷ್ಠ ಅರ್ಧ ಗಂಟೆ ಹೊಡೆದು ನೋಡಿ, ಎಷ್ಟಿತ್ತು ಎಷ್ಟಾಯಿತು ಅಂತ ಬರೆದಿಡಿ. ಬೋಲ್ಟ್ ಬಿಗಿದ ಮೇಲೆ ಮತ್ತೆ ಅಳೆಯಿರಿ, ಬಿಗಿಯುವಾಗ ಮೂತಿ ಸ್ವಲ್ಪ ತಿರುಗಿರುತ್ತದೆ. ಕೈ ಜೋಮು ಬಂದರೆ ಜಾಸ್ತಿ ಇಳಿಸಿದ್ದೀರಿ, ಕೆಳಗೆ ಜೋಮು ಬಂದರೆ ಸಾಲದು. ಸೈಕಲ್ ಇಳಿದು ಗಂಟೆಯಾದರೂ ಜೋಮು ಬಿಡದಿದ್ದರೆ ಅಲೆನ್ ಕೀ ಕೆಳಗಿಟ್ಟು ಡಾಕ್ಟರ್ ಹತ್ತಿರ ಹೋಗಿ, ನಾಚಿಕೆ ಬೇಡ.

ಅಂಕ ಕೊಡಬೇಕಲ್ಲ. ಅಂಗಡಿಗೆ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಆ ಮೂರು ವಾರ ಮತ್ತು ಕುಸಿದ ಸೀಟಿಗೆ. ಬಿಲ್ ಕೊಡುವುದಿಲ್ಲ, ಕೇಳಿದರೆ ಲೆಡ್ಜರಿನ ಹಾಳೆ ಹರಿದು ಬರೆದು ಕೊಡುತ್ತಾರೆ. ಮಾತು ಜಾಸ್ತಿ, ಅವಸರದಲ್ಲಿದ್ದರೆ ಹೋಗಬೇಡಿ. ಫೋನ್ ಆ್ಯಪ್‌ಗೆ ನಾಲ್ಕೂವರೆ, ಪುಕ್ಕಟೆ ಅಲ್ವಾ. ಮೆತ್ತೆ ಚಡ್ಡಿಗೆ ಮೂರು, 40 ಕಿಲೋಮೀಟರ್ ಮೇಲೆ ಹೋಗುವ ದಿನ ಉಪಯೋಗಕ್ಕೆ ಬರುತ್ತದೆ. ಜೆಲ್ ಸೀಟಿಗೆ ಒಂದು, ಪೇಟೆಗೆ ಹೋಗಿ ತರಕಾರಿ ತರುವವರಿಗೆ ಅದು ಸಾಕಾಗಬಹುದು, ಬೇಕಿದ್ದವರು ಕೇಳಿ, ಅರ್ಧ ಬೆಲೆಗೆ ಕೊಡುತ್ತೇನೆ. ಜೆಲ್ ಕವರ್ ಮಾತ್ರ ಕೇಳಬೇಡಿ. ಅದನ್ನು ದೊಡ್ಡಮ್ಮ ಅಡಿಕೆ ಸುಲಿಯುವ ಮಣೆಗೆ ಕಟ್ಟಿಕೊಂಡಿದ್ದಾಳೆ, ಚಕ್ಕೆ ತೆಗೆದಿಲ್ಲ.

ಅಂಗಡಿ ಬೆಳಗ್ಗೆ ಹತ್ತಕ್ಕೆ ಮುಂಚೆ ತೆರೆಯುವುದಿಲ್ಲ, ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಷಟರ್ ಅರ್ಧ ಇಳಿದಿರುತ್ತದೆ, ಯಜಮಾನರು ಒಳಗೆ ಮಲಗಿರುತ್ತಾರೆ, ಎಬ್ಬಿಸಬೇಡಿ. ಸೀಟಿನ ಕೆಲಸಕ್ಕೆ ಸಂಜೆ ಐದರ ಮೇಲೆ ಹೋಗಿ. ಮಗಳೂ ಇರುತ್ತಾಳೆ, ಫೋನೂ ಇರುತ್ತದೆ. ಹಳೇ ಸೀಟು ಅಟ್ಟದಲ್ಲಿದ್ದರೆ ಜೊತೆಗೆ ಒಯ್ಯಿರಿ.